ಮೊಬೈಲಿನ ಕಿರ್ದಿ: ಯಾವ ಜಾಲತಾಣ ಇರಲಿ, ಯಾವುದು ಬೇಡ ಎಂದು ಲೆಕ್ಕ ಹಾಕುವ ಬಗೆ

ಮೂವತ್ತೊಂದು ವರ್ಷ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದವನು ನಾನು. ನಿವೃತ್ತನಾದ ಮೇಲೆ ಸಿದ್ದಾಪುರ ತಾಲ್ಲೂಕಿನ ಎರಡು ಎಕರೆ ಅಡಿಕೆ ತೋಟ, ಮನೆ ಮತ್ತು ಮೊಬೈಲು, ಇವು ಮೂರೇ ನನ್ನ ಕಾರ್ಯಕ್ಷೇತ್ರ. ಮೂರರಲ್ಲಿ ಯಾವುದಕ್ಕೆ ಹೆಚ್ಚು ಹೊತ್ತು ಹೋಗುತ್ತಿದೆ ಎಂದು ಯಾರಾದರೂ ಕೇಳಿದ್ದರೆ ಎರಡು ವರ್ಷದ ಹಿಂದೆ ನಾನು ತೋಟ ಎಂದು ಸುಳ್ಳು ಹೇಳುತ್ತಿದ್ದೆ.

ಫೇಸ್‌ಬುಕ್, ವಾಟ್ಸ್‌ಆ್ಯಪ್ ಇರಬೇಕೋ ಬೇಡವೋ ಎಂಬ ಮಾತು ನಮ್ಮ ಜಗಲಿಯಲ್ಲಿ ಬಂದಾಗಲೆಲ್ಲ ಎರಡು ಪಕ್ಷಗಳಾಗುತ್ತವೆ. ಒಂದು ಪಕ್ಷಕ್ಕೆ ಅದು ಇಸ್ಪೀಟಿನ ಹಾಗೆ, ಮುಟ್ಟಲೇಬಾರದು. ಇನ್ನೊಂದಕ್ಕೆ ಅದಿಲ್ಲದವನು ಊರಲ್ಲಿದ್ದೂ ಇಲ್ಲದವನು. ಸಾಲಗಾರನೊಬ್ಬನ ಬಗ್ಗೆ ಆಡಳಿತ ಮಂಡಳಿಯಲ್ಲಿ ಹೀಗೆ ಜಗ್ಗಾಟ ನಡೆದಾಗ ನಮ್ಮ ಹಳೆಯ ಕಾರ್ಯದರ್ಶಿಗಳು, "ಮೊದಲು ಅವನ ಖಾತೆ ತೆಗೆಯಿರಿ" ಎನ್ನುತ್ತಿದ್ದರು. ನಾನೂ ಹಾಗೆಯೇ ಮಾಡಿದೆ. ಕ್ರಮ ಇಲ್ಲಿದೆ. ಬೇಕಾದವರು ನೂರು ಪುಟದ ಒಂದು ನೋಟ್‌ಬುಕ್ ತಂದುಕೊಳ್ಳಿ. ಮೊಬೈಲಿನಲ್ಲಿಯೇ ಬರೆದುಕೊಳ್ಳುತ್ತೇನೆ ಎನ್ನಬೇಡಿ. ಬೆಕ್ಕಿಗೆ ಹಾಲಿನ ಕಾವಲು ಕೊಟ್ಟಂತಾಗುತ್ತದೆ.

ಹದಿನೈದು ದಿನದ ಕಿರ್ದಿ

ಕಿರ್ದಿ ಎಂದರೆ ಆಯಾ ದಿನದ ವ್ಯವಹಾರವನ್ನು ಆಯಾ ದಿನವೇ ಬರೆಯುವ ಪುಸ್ತಕ. ಈ ಹದಿನೈದು ದಿನ ಏನನ್ನೂ ಬಿಡಬೇಡಿ, ಕಡಿಮೆಯನ್ನೂ ಮಾಡಬೇಡಿ. ತಪಾಸಣೆಯವರು ಬರುತ್ತಾರೆಂದು ತಿಳಿದ ಕೂಡಲೇ ಪೆಟ್ಟಿಗೆಯ ನಗದನ್ನು ಸರಿ ಮಾಡಿಡುವ ಗುಮಾಸ್ತರನ್ನು ನಾನು ಕಂಡಿದ್ದೇನೆ. ಅಂಥ ತಪಾಸಣೆಯಿಂದ ಯಾರಿಗೂ ಉಪಯೋಗವಿಲ್ಲ.

ಪುಟಕ್ಕೆ ನಾಲ್ಕು ಕಲಮು ಹಾಕಿ: ತೆರೆದ ಹೊತ್ತು, ಏಕೆ, ಮುಚ್ಚಿದ ಹೊತ್ತು, ಏನು ಸಿಕ್ಕಿತು. ಎರಡನೆಯ ಕಲಮನ್ನು ಮೊಬೈಲ್ ಕೈಗೆತ್ತಿಕೊಳ್ಳುವ ಮೊದಲೇ ಬರೆಯಬೇಕು, ಗುಟ್ಟು ಇರುವುದೇ ಅಲ್ಲಿ. ನನ್ನ ಪುಸ್ತಕದ ಮೂರನೆಯ ದಿನದ ನಮೂದು ಹೀಗಿದೆ: "ಬೆಳಿಗ್ಗೆ 5.50. ಮಳೆ ಇದೆಯೇ ನೋಡಲು. 6.35. ಹೊನ್ನಾವರದ ಯಾರದೋ ಮಗಳ ಮದುವೆಯ ಫೋಟೊಗಳು, ಎಮ್ಮೆ ಈಜುವ ವಿಡಿಯೊ. ಮಳೆ ನೋಡಲಿಲ್ಲ." ಅಂದು ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ ತೊಯ್ದಿತು. ಬಾಗಿಲು ತೆರೆದು ಆಕಾಶ ನೋಡಿದ್ದರೆ ಸಾಕಿತ್ತು.

ಹದಿನಾರನೆಯ ದಿನ ಮೊಬೈಲಿನ ಲೆಕ್ಕಕ್ಕೆ ನಿಮ್ಮ ಲೆಕ್ಕವನ್ನು ತಾಳೆ ನೋಡಿ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ 'ಡಿಜಿಟಲ್ ವೆಲ್‌ಬೀಯಿಂಗ್', ಐಫೋನ್ ಆದರೆ 'ಸ್ಕ್ರೀನ್ ಟೈಮ್' ಎಂದಿರುತ್ತದೆ. ಯಾವ ಆ್ಯಪ್‌ಗೆ ಎಷ್ಟು ಹೊತ್ತು ಎಂದು ಅದು ದಿನದಿನವೂ ಬರೆದಿಟ್ಟಿರುತ್ತದೆ. ಅದನ್ನೂ ಪ್ರತಿ ರಾತ್ರಿ ಪುಟದ ಕೆಳಗೆ ಗುರುತಿಸಿಕೊಂಡಿದ್ದೆ. ನನ್ನ ಪುಸ್ತಕದ ಮೊತ್ತ 31 ಗಂಟೆ, ಮೊಬೈಲಿನದು 47. ಸಂಘದಲ್ಲಿ 16 ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಒಂಬತ್ತರವರೆಗೆ ಕುಳಿತು ಹುಡುಕುತ್ತಿದ್ದೆವು. ಇಲ್ಲಿ ಹದಿನಾರು ಗಂಟೆಗಳೇ ನಾಪತ್ತೆ. ಕೈ ತಾನಾಗಿ ಹೋಗಿ ತೆರೆದ, ಏಕೆಂದು ನನಗೇ ಗೊತ್ತಿಲ್ಲದ ಹೊತ್ತು ಅದು.

ಒಂದೊಂದಕ್ಕೂ ಒಂದೊಂದು ಖಾತೆ

'ಸಾಮಾಜಿಕ ಜಾಲತಾಣ' ಎಂದು ಒಂದೇ ಖಾತೆ ತೆರೆದರೆ ತೀರ್ಮಾನ ತಪ್ಪುತ್ತದೆ. ಕಿರ್ದಿಯಿಂದ ಖತಾವಣಿಗೆ, ಎಂದರೆ ಖಾತೆವಾರು ಪುಸ್ತಕಕ್ಕೆ, ಎತ್ತುವಾಗ ಫೇಸ್‌ಬುಕ್ಕಿಗೆ ಬೇರೆ, ಯೂಟ್ಯೂಬಿಗೆ ಬೇರೆ, ವಾಟ್ಸ್‌ಆ್ಯಪ್‌ನ ಪ್ರತಿ ಗುಂಪಿಗೂ ಬೇರೆ ಪುಟ ಕೊಡಿ. ನನ್ನಲ್ಲಿ 27 ಗುಂಪುಗಳಿದ್ದವು. ಅವುಗಳಲ್ಲಿ ಹನ್ನೊಂದಕ್ಕೆ ನನ್ನನ್ನು ಸೇರಿಸಿದವರು ಯಾರೆಂದೇ ತಿಳಿದಿರಲಿಲ್ಲ.

ಜಮಾ ಯಾವುದು? ಅದನ್ನು ನೋಡಿ ನೀವು ಏನಾದರೂ ಮಾಡಿದ್ದರೆ, ಅಥವಾ ಒಬ್ಬರಿಗೆ ಫೋನ್ ಮಾಡಿ ಮಾತಾಡಿದ್ದರೆ ಅದು ಜಮಾ. ನಗು ಬಂದಿದ್ದರೂ ನಾನು ಜಮಾ ಮಾಡಿದ್ದೇನೆ, ಅಷ್ಟು ಕಠಿಣನಲ್ಲ. ಆದರೆ ನಗೆಹನಿಗಳಿಗೆಂದೇ ಇದ್ದ ಗುಂಪಿನಲ್ಲಿ ಹದಿನೈದು ದಿನಕ್ಕೆ ಬಂದ ಸಂದೇಶ 212, ಬಂದ ನಗು ಎರಡು. ಅದರಲ್ಲಿ ಒಂದು ಹಿಂದಿನ ವರ್ಷವೇ ನಕ್ಕಿದ್ದು.

ಅಡಿಕೆ ದರದ ಗುಂಪಿಗೆ ಖರ್ಚು ದಿನಕ್ಕೆ ಎರಡು ನಿಮಿಷ. ಶಿರಸಿಯಲ್ಲಿ ಚಾಲಿಗೆ ಎಷ್ಟು, ರಾಶಿಗೆ ಎಷ್ಟು ಎಂದು ನೋಡಿ ಮುಚ್ಚಿಡುತ್ತೇನೆ. ಅದು ಉಳಿಯಿತು. ಮಗಳ ಮನೆಯ ನಾಲ್ಕೇ ಜನರ ಗುಂಪು ಉಳಿಯಿತು. ಫೇಸ್‌ಬುಕ್ ಪೂರ್ತಿ ನಷ್ಟದ ಖಾತೆ ಎಂದುಕೊಂಡಿದ್ದೆ, ಹಾಗಾಗಲಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿ 1981ರಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳೆಯ ಅಲ್ಲಿಯೇ ಸಿಕ್ಕಿದ. ಯಾವ ಯಕ್ಷಗಾನ ಮೇಳದ ಆಟ ಇಂದು ಎಲ್ಲಿದೆ ಎಂಬುದೂ ನನಗೆ ಮೊದಲು ತಿಳಿಯುವುದು ಅಲ್ಲಿಯೇ. ಖರ್ಚಿನ ಬದಿಯಲ್ಲಿ ಮಾತ್ರ ಒಂದು ನಮೂದು ಇನ್ನೂ ಕಣ್ಣಿಗೆ ಚುಚ್ಚುತ್ತದೆ: ಬಡಗುತಿಟ್ಟಿನ ಕುಣಿತದ ಬಗ್ಗೆ ಅಪರಿಚಿತರೊಬ್ಬರ ಜೊತೆ ವಾದ, 1 ಗಂಟೆ 50 ನಿಮಿಷ. ಅವರು ಯಾರೆಂದು ಇಂದಿಗೂ ಗೊತ್ತಿಲ್ಲ. ಅವರ ವಾದ ಮಾತ್ರ ಬಾಯಿಪಾಠವಾಗಿದೆ.

ನಿಮ್ಮ ಖಾತೆ ನನ್ನದರಂತೆ ಇರಬೇಕಾಗಿಲ್ಲ. ನನ್ನ ಹೆಂಡತಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾಳೆ. ಜಾಡಿ ತುಂಬಿದ ದಿನ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಒಂದು ಫೋಟೊ ಹಾಕುತ್ತಾಳೆ, ಅದು 24 ಗಂಟೆ ಇರುತ್ತದೆ, ಅಷ್ಟರೊಳಗೆ ಮೂವತ್ತು ಮೂವತ್ತೈದು ಮನೆಗಳ ಬೇಡಿಕೆ ಬಂದಿರುತ್ತದೆ. ಅವಳ ಕಿರ್ದಿಯನ್ನೂ ನಾನೇ ಬರೆಯಲು ಹೋದೆ. "ನಿಮ್ಮ ಹಾಗೆ ನನಗೆ ಪುರುಸೊತ್ತಿಲ್ಲ" ಎಂದಳು. ಎರಡು ದಿನ ಕದ್ದು ನೋಡಿ ಬರೆದೆ: ಎಲ್ಲವೂ ಜಮಾ. ವ್ಯಾಪಾರಕ್ಕೆ ಬಳಸುವವರು ಬಿಡುವ ಮಾತೇ ಆಡಬೇಕಾಗಿಲ್ಲ, ಎಚ್ಚರ ಬೇರೆ ಕಡೆ ಇರಬೇಕು. ತಾನು ಸೈನ್ಯದವನೆಂದು ಹೇಳಿಕೊಂಡವನೊಬ್ಬ ಅವಳಿಗೆ ಇಪ್ಪತ್ತು ಕಿಲೊ ಬೇಕೆಂದು ಸಂದೇಶ ಕಳಿಸಿ, ಮುಂಗಡ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದಿದ್ದ. ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ, ಕೊಡಲು ಮಾತ್ರ ಬೇಕು. ಅವಳು ಬಚಾವಾದಳು. ಆಗದಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ಅದು ಸೈಬರ್ ವಂಚನೆಯ ಸಹಾಯವಾಣಿ. ಹಣ ಇನ್ನೂ ದಾಟಿಹೋಗಿರದಿದ್ದರೆ ತಡೆಯುವ ಅವಕಾಶ ಇರುವುದು ಆ ಮೊದಲ ಗಂಟೆಗಳಲ್ಲಿ.

ಖಾತೆ ಮುಚ್ಚುವ ಕ್ರಮ

ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಬರಲು ಹೆದರುವವರೇ ಹೆಚ್ಚು. ಇಂಥವರು ಬಿಟ್ಟರು ಎಂದು ಎಲ್ಲರಿಗೂ ಡಂಗುರವಾಗುತ್ತದೆ ಎಂಬ ಭಯ. 2022ರಿಂದ ಹಾಗಿಲ್ಲ. ಹೊರಬಂದದ್ದು ಆ ಕ್ಷಣಕ್ಕೆ ಅಡ್ಮಿನ್‌ಗೆ ಮಾತ್ರ ತಿಳಿಯುತ್ತದೆ. ನಾನು ಒಂದೇ ಮಧ್ಯಾಹ್ನ ಹದಿನೆಂಟರಿಂದ ಹೊರಬಂದೆ, ಫೋನ್ ಮಾಡಿ ಕೇಳಿದವರು ಒಬ್ಬರೇ.

ಕುಟುಂಬದ ದೊಡ್ಡ ಗುಂಪಿನ ವಿಷಯ ಬೇರೆ. ಅದನ್ನು ಬಿಟ್ಟರೆ ಮುಂದಿನ ಶ್ರಾದ್ಧದ ಊಟದಲ್ಲಿ ಉತ್ತರ ಕೊಡಬೇಕಾಗುತ್ತದೆ. ಅಂಥದ್ದನ್ನು ಸದಾಕಾಲಕ್ಕೆ ಮ್ಯೂಟ್ ಮಾಡಿ ಆರ್ಕೈವ್‌ಗೆ ತಳ್ಳಿ. ಹೊಸ ಸಂದೇಶ ಬಂದರೂ ಅದು ಮೇಲಕ್ಕೆ ಬರುವುದಿಲ್ಲ. ನಾನು ಭಾನುವಾರ ಕಾಫಿಯ ನಂತರ ಒಮ್ಮೆ ತೆರೆದು, ಹುಟ್ಟಿದವರಿಗೆ ಹರಸಿ, ಹೋದವರ ಮನೆಗೆ ಫೋನ್ ಮಾಡಿ, ಮುಚ್ಚುತ್ತೇನೆ. ರಾಜಕೀಯದ ಭಾಗವನ್ನು ಓದುವುದಿಲ್ಲ. ನಮ್ಮ ಷಡ್ಡಕರು ಯಾರಿಗೆ ಮತ ಹಾಕುತ್ತಾರೆಂದು ನನಗೆ 1989ರಿಂದಲೂ ಗೊತ್ತು.

ಮತ್ತೆ ಯಾರೂ ಕೇಳದೆ ಸೇರಿಸದಿರಲು ಸೆಟ್ಟಿಂಗ್ಸ್, ಪ್ರೈವೆಸಿ, ಗ್ರೂಪ್ಸ್ ಎಂದು ಒಳಗೆ ಹೋಗಿ 'ಎವರಿವನ್' ಎಂಬುದನ್ನು 'ಮೈ ಕಾಂಟ್ಯಾಕ್ಟ್ಸ್' ಮಾಡಿ. ಫೋಟೊ, ವಿಡಿಯೊ ತಾವಾಗಿ ಇಳಿದುಕೊಳ್ಳುವುದನ್ನೂ ಅಲ್ಲಿಯೇ 'ಸ್ಟೋರೇಜ್ ಆ್ಯಂಡ್ ಡೇಟಾ'ದಲ್ಲಿ ನಿಲ್ಲಿಸಬಹುದು.

ಫೇಸ್‌ಬುಕ್ಕಿನಲ್ಲಿ ಎರಡು ಬಾಗಿಲುಗಳಿವೆ, ಅವುಗಳನ್ನು ಗೊಂದಲ ಮಾಡಿಕೊಳ್ಳಬೇಡಿ. ಒಂದು ನಿಷ್ಕ್ರಿಯಗೊಳಿಸುವುದು: ನಿಮ್ಮ ಪುಟ ಯಾರಿಗೂ ಕಾಣುವುದಿಲ್ಲ, ಆದರೆ ಬೇಕಾದಾಗ ಮರಳಬಹುದು, ಮೆಸೆಂಜರ್ ಕೂಡ ನಡೆಯುತ್ತಿರುತ್ತದೆ. ಇನ್ನೊಂದು ಅಳಿಸುವುದು: 30 ದಿನದೊಳಗೆ ಲಾಗಿನ್ ಆದರೆ ರದ್ದು ಮಾಡಿಕೊಳ್ಳಬಹುದು, ಆಮೇಲೆ ಹೋಯಿತು. ಅಳಿಸುವ ಮೊದಲು ನಿಮ್ಮ ಮಾಹಿತಿಯ ಪ್ರತಿಯನ್ನು ಇಳಿಸಿಕೊಳ್ಳುವ ಸೌಲಭ್ಯ ಅಲ್ಲಿಯೇ ಇದೆ, ಫೋಟೊಗಳಿಗಾಗಿಯಾದರೂ ಅದನ್ನು ಮಾಡಿ. ಬೇರೆ ಯಾವ ಆ್ಯಪ್‌ಗೆ ಫೇಸ್‌ಬುಕ್ ಮೂಲಕವೇ ಒಳಗೆ ಹೋಗುತ್ತೀರಿ ಎಂಬುದನ್ನೂ ನೋಡಿಕೊಳ್ಳಿ. ಕೀಲಿಕೈ ಎಸೆದ ಮೇಲೆ ಬೀಗದ ನೆನಪಾಗುವುದು ಬೇಡ.

ನಾನು ಅಳಿಸಲಿಲ್ಲ. ಆರಿದ್ರಾ ಮಳೆ ಹಿಡಿದ ದಿನ ನಿಷ್ಕ್ರಿಯಗೊಳಿಸಿ, ಆಶ್ಲೇಷ ಕಳೆದ ಮೇಲೆ ಮರಳಿದೆ. ಆ ಎಂಟು ವಾರಗಳಲ್ಲಿ ಮೊದಲ ವಾರ ಮಾತ್ರ ಕಷ್ಟ, ಹೆಬ್ಬೆರಳು ಸುಮ್ಮನೆ ಜಾಗ ಹುಡುಕುತ್ತಿತ್ತು. ಮರಳಿದ ಮೇಲೆ ಆ್ಯಪ್ ಹಾಕಿಕೊಂಡಿಲ್ಲ. ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಉಳಿಸದೆ, ಪ್ರತಿ ಸಲವೂ ಟೈಪ್ ಮಾಡಿ ಒಳಗೆ ಹೋಗುತ್ತೇನೆ. ಹದಿನಾಲ್ಕು ಅಕ್ಷರದ ಪಾಸ್‌ವರ್ಡ್ ಇಟ್ಟಿದ್ದೇನೆ, ಕನ್ನಡಕವೂ ಬೇಕು. ಅಷ್ಟು ಶ್ರಮಪಟ್ಟು ಎಮ್ಮೆ ಈಜುವುದನ್ನು ನೋಡಲು ಯಾರೂ ಹೋಗುವುದಿಲ್ಲ.

ದಾಟಿಸುವ ಮೊದಲು ಚೂರಿ ಅದ್ದಿ

ಉಳಿಸಿಕೊಂಡವರಿಗಾಗಿ ಇದು. ನನ್ನ ಸ್ವಂತ ತಪ್ಪಿನಿಂದ ಕಲಿತದ್ದು, ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೊ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೊ ಸುಣ್ಣ. ಅಜ್ಜನ ಕಾಲದಿಂದಲೂ ಇದೇ ಲೆಕ್ಕ. ಒಂದು ಮಳೆಗಾಲದಲ್ಲಿ, ಸುಣ್ಣ ಬೇಡ, ಮೈಲುತುತ್ತವನ್ನೇ ಎರಡು ಪಟ್ಟು ಹಾಕಿದರೆ ಒಂದೇ ಸಿಂಪಡಣೆ ಸಾಕು ಎಂಬ ಸಂದೇಶ ಗುಂಪೊಂದಕ್ಕೆ ಬಂತು. ನಾನು ಮೊದಲ ಎರಡು ಸಾಲು ಓದಿ ಅಣ್ಣನ ಮಗನಿಗೆ ದಾಟಿಸಿದೆ. ಅವನು ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡನಿಗೆ ಕಾಯದೆ ದೋಟಿ ಹಿಡಿದು ಗಿಡ್ಡ ಮರಗಳಿಗೆ ತಾನೇ ಹೊಡೆದ. ಮರುದಿನ ಎತ್ತರದ ಮರಗಳಿಗೆಂದು ಬಂದ ಕೊನೆಗೌಡ ಡ್ರಮ್ಮಿಗೆ ಚೂರಿಯ ಅಲಗನ್ನು ಅದ್ದಿ ಎತ್ತಿದ. ಅಲಗು ಕೆಂಪಾಗಿತ್ತು. ತಾಮ್ರ ಹತ್ತಿತೆಂದರೆ ಸುಣ್ಣ ಸಾಲದು ಎಂದರ್ಥ. "ಸಣ್ಣ ಹೆಗಡೆಯವರೇ, ಇದನ್ನು ಹೇಳಿಕೊಟ್ಟವರು ಯಾರು?" ಎಂದು ಕೇಳಿದನಂತೆ. ಹೊಡೆದ ಅರವತ್ತು ಮರಗಳ ಎಳೆಗಾಯಿ ಅಷ್ಟರಲ್ಲಿ ಸುಟ್ಟು ಕಪ್ಪಾಗಿತ್ತು. ಹುಡುಗ ಇವತ್ತಿಗೂ ಆ ಮಾತು ಎತ್ತಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಸಂದೇಶದ ತಲೆಯ ಮೇಲೆ ಎರಡು ಬಾಣದ ಗುರುತಿತ್ತು. ಕೈಯಿಂದ ಕೈಗೆ ಐದಾರು ಸಲ ದಾಟಿ ಬಂದದ್ದಕ್ಕೆ ವಾಟ್ಸ್‌ಆ್ಯಪ್ ಹಾಕುವ ಮುದ್ರೆ ಅದು. ಅಂಥದ್ದನ್ನು ಒಮ್ಮೆಗೆ ಒಬ್ಬರಿಗೆ ಮಾತ್ರ ಕಳಿಸಬಹುದೆಂದು 2020ರ ಏಪ್ರಿಲ್‌ನಲ್ಲಿ ನಿಯಮವಾಯಿತು. ಅದಕ್ಕೂ ಹಿಂದಿನ ಐದರ ಮಿತಿ ನಮ್ಮ ದೇಶಕ್ಕೆ ಬಂದದ್ದು 2018ರ ಜುಲೈನಲ್ಲಿ. ಅದೇ ತಿಂಗಳು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸುದ್ದಿಯನ್ನು ನಂಬಿದ ಜನ ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬನನ್ನು ಹೊಡೆದು ಕೊಂದಿದ್ದರು. ಬಂಧಿತರಲ್ಲಿ ಗುಂಪಿನ ಅಡ್ಮಿನ್ ಕೂಡ ಇದ್ದ. ನನ್ನ ಅರವತ್ತು ಮರಗಳನ್ನು ಅದರ ಪಕ್ಕದಲ್ಲಿಡಲು ನಾಚಿಕೆಯಾಗುತ್ತದೆ. ಆದರೆ ಕಳಿಸುವಾಗ ಬೆರಳು ಮಾಡುವ ಕೆಲಸ ಎರಡರಲ್ಲೂ ಒಂದೇ.

ಎರಡು ಬಾಣ ಕಂಡರೆ ನಾನೀಗ ದಾಟಿಸುವುದಿಲ್ಲ. ಔಷಧ, ಗೊಬ್ಬರ, ಕಾಯಿಲೆ, ಕಳ್ಳರು, ಈ ನಾಲ್ಕು ವಿಷಯಗಳಾದರೆ ಬಾಣವಿಲ್ಲದಿದ್ದರೂ ಬಲ್ಲ ಒಬ್ಬರಿಗೆ ಫೋನ್ ಮಾಡಿ ಕೇಳುತ್ತೇನೆ. ಫೋನ್ ಮಾಡುವಷ್ಟು ಮುಖ್ಯವಲ್ಲ ಎನಿಸಿದರೆ ಕಳಿಸುವಷ್ಟೂ ಮುಖ್ಯವಲ್ಲ.

ಅನಾಮತ್ತು

ಯಾವ ಖಾತೆಗೆ ಹಾಕಬೇಕೆಂದು ತಿಳಿಯದ ಮೊತ್ತವನ್ನು ನಾವು ಅನಾಮತ್ತು ಖಾತೆಯಲ್ಲಿ ಇಡುತ್ತಿದ್ದೆವು. ನನ್ನ ಪುಸ್ತಕದಲ್ಲಿ ಅಂಥ ನಮೂದು ಒಂದಿದೆ. ಧಾರವಾಡದ ಆ ಗೆಳೆಯ ಸಿಕ್ಕಿದ ಮರುವರ್ಷವೇ ತೀರಿಕೊಂಡ. ಅವನ ಫೇಸ್‌ಬುಕ್ ಪುಟ ಹಾಗೆಯೇ ಇದೆ, ಪ್ರತಿ ನವೆಂಬರ್‌ನಲ್ಲಿ ಅವನಿಗೆ ಹುಟ್ಟುಹಬ್ಬದ ಶುಭಾಶಯ ಹೇಳಿ ಎಂದು ನನಗೆ ಸೂಚನೆ ಬರುತ್ತದೆ. ಮರಣದ ದಾಖಲೆಯೊಂದಿಗೆ ಕೋರಿಕೆ ಸಲ್ಲಿಸಿದರೆ ಅದನ್ನು ಸ್ಮರಣೆಯ ಪುಟವಾಗಿ ಮಾಡುತ್ತಾರೆ, ಆಮೇಲೆ ಆ ಸೂಚನೆ ಬರುವುದಿಲ್ಲ. ಅವನ ಹೆಂಡತಿಗೆ ಹೇಳಿದೆ. "ಇರಲಿ ಬಿಡಿ ಅಣ್ಣ, ಆ ದಿನ ನಾಲ್ಕು ಜನ ಏನಾದರೂ ಬರೆಯುತ್ತಾರೆ, ನಾನು ಓದುತ್ತೇನೆ" ಎಂದರು.

ನನ್ನ ಪುಟಕ್ಕೆ 'ಲೆಗಸಿ ಕಾಂಟ್ಯಾಕ್ಟ್' ಎಂಬಲ್ಲಿ ಮಗಳ ಹೆಸರು ಹಾಕಿದ್ದೇನೆ. ನನ್ನ ನಂತರ ಅವಳು ಪುಟವನ್ನು ನೋಡಿಕೊಳ್ಳಬಹುದು, ಅಳಿಸಬೇಕೆಂದೂ ಕೋರಬಹುದು, ಖಾಸಗಿ ಸಂದೇಶ ಮಾತ್ರ ಓದಲಾಗುವುದಿಲ್ಲ. ಐದು ನಿಮಿಷದ ಕೆಲಸ. ಗೆಳೆಯನದು ಅನಾಮತ್ತಿನಲ್ಲಿಯೇ ಇದೆ, ಮುಂದಿನ ಏಪ್ರಿಲ್‌ನ ತಪಾಸಣೆಗೂ ಅದನ್ನು ಹಾಗೆಯೇ ಒಯ್ಯುತ್ತೇನೆ.