ತೆವಳುವ ಲ್ಯಾಪ್‌ಟಾಪ್: ಸ್ಕ್ರೂ ಬಿಚ್ಚುವ ಮೊದಲು ಅಳೆಯಬೇಕಾದದ್ದು

‘ಲ್ಯಾಪ್‌ಟಾಪ್ ತುಂಬ ಸ್ಲೋ ಆಗಿದೆ’ ಎಂಬ ದೂರು ಬಂದರೆ ನಾನು ಮೊದಲು ಕೇಳುವುದು, ಯಾವಾಗ ಸ್ಲೋ ಎಂದು. ಆನ್ ಮಾಡಿದ ಮೊದಲ ಹತ್ತು ನಿಮಿಷವೋ, ಬ್ರೌಸರ್‌ನಲ್ಲಿ ಏಳೆಂಟು ಟ್ಯಾಬ್ ತೆರೆದ ಮೇಲೋ, ಅರ್ಧ ಗಂಟೆ ಕೆಲಸ ಮಾಡಿ ತಳ ಬಿಸಿಯಾದ ಮೇಲೋ, ಚಾರ್ಜರ್ ಚುಚ್ಚಿದಾಗ ಮಾತ್ರವೋ? ಕ್ರಮವಾಗಿ ಡಿಸ್ಕ್, ರ‍್ಯಾಮ್, ಬಿಸಿ, ಕರೆಂಟು ಎಂದು ನನ್ನ ಮೊದಲ ಅನುಮಾನ. ಇವು ನಾಲ್ಕೂ ಹಾರ್ಡ್‌ವೇರ್ ಸಂಗತಿಗಳು. ಜನ ಮೊದಲು ಮಾಡಿಸುವ ‘ಫಾರ್ಮ್ಯಾಟ್’ ಇವುಗಳಲ್ಲಿ ಒಂದನ್ನೂ ಸರಿಮಾಡುವುದಿಲ್ಲ. ಎರಡು ವಾರ ಹಗುರವಾದಂತೆ ಕಾಣುತ್ತದೆ, ಆಮೇಲೆ ಮತ್ತದೇ ಕಥೆ.

ವಿವರಣೆಗೆ ನಾನು ಸರಿಮಾಡಿದ ಒಂದು ಯಂತ್ರವನ್ನೇ ಇಟ್ಟುಕೊಳ್ಳುತ್ತೇನೆ: ಇಂಟೆಲ್ ಐ3-5005ಯು, 4 ಜಿಬಿ ರ‍್ಯಾಮ್, ನಿಮಿಷಕ್ಕೆ 5400 ಸುತ್ತಿನ 500 ಜಿಬಿ ಹಾರ್ಡ್ ಡಿಸ್ಕ್. ಈ ಪ್ರೊಸೆಸರ್ 2015ರದು; ಎರಡು ಕೋರ್, ನಾಲ್ಕು ಥ್ರೆಡ್, 2.0 ಗಿಗಾಹರ್ಟ್ಸ್. ಹೊರೆ ಬಿದ್ದಾಗ ವೇಗವನ್ನು ಮೇಲೇರಿಸುವ ಟರ್ಬೊ ಇಲ್ಲ. ಟರ್ಬೊ ಇಲ್ಲದ್ದು ಪರೀಕ್ಷೆಗೆ ಅನುಕೂಲ. ಕೆಲಸದ ಹೊರೆ ಬಿದ್ದಾಗ ವೇಗ 2.0ರ ಹತ್ತಿರ ನಿಲ್ಲಬೇಕು, ನಿಲ್ಲದಿದ್ದರೆ ಯಾವುದೋ ಅದನ್ನು ಹಿಡಿದೆಳೆಯುತ್ತಿದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಸಿಪಿಯು (ಪ್ರೊಸೆಸರ್) ಪುಟದಲ್ಲಿ ‘ಅಪ್ ಟೈಮ್’, ಅಂದರೆ ಹೊಸದಾಗಿ ಶುರುವಾಗಿ ಎಷ್ಟು ಹೊತ್ತಾಯಿತು ಎಂಬುದನ್ನು, ನೋಡಿ. ದಿನಾ ಶಟ್‌ಡೌನ್ ಮಾಡುವ ಯಂತ್ರದಲ್ಲೂ ಅಲ್ಲಿ 20, 30 ದಿನ ಎಂದಿರುವುದುಂಟು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಶಟ್‌ಡೌನ್ ಮಾಡುವಾಗ ಕರ್ನಲ್ಲನ್ನು (ವಿಂಡೋಸ್‌ನ ತಿರುಳನ್ನು) ಡಿಸ್ಕ್‌ಗೆ ಬರೆದಿಟ್ಟು ಮರುದಿನ ಅದನ್ನೇ ಎಬ್ಬಿಸುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಮಾಡಿದಾಗ. ಆದ್ದರಿಂದ ಒಮ್ಮೆ ರೀಸ್ಟಾರ್ಟ್ ಮಾಡಿ, ಹದಿನೈದು ನಿಮಿಷ ಏನನ್ನೂ ಮುಟ್ಟದೆ ಬಿಟ್ಟು, ಆಮೇಲೆ ಅಳೆಯಿರಿ. ಬಹಳ ದಿನದ ಮೇಲೆ ಇಂಟರ್ನೆಟ್‌ಗೆ ಸೇರಿಸಿದ ಯಂತ್ರವಾದರೆ ಅಪ್‌ಡೇಟ್ ಮುಗಿಯಲು ಒಂದೆರಡು ಗಂಟೆ ಕೊಡಿ. ಆ ಹೊತ್ತಿನ ನಿಧಾನ ರೋಗವಲ್ಲ.

ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಡಿಸ್ಕ್ 100 ಪರ್ಸೆಂಟ್ ಎಂದು ಕಂಡ ಕೂಡಲೇ ತಪ್ಪು ಡಿಸ್ಕಿನದೇ ಎಂದು ತೀರ್ಮಾನಿಸುತ್ತಾರೆ. ರ‍್ಯಾಮ್ ಸಾಲದಾದಾಗಲೂ ಡಿಸ್ಕ್ 100 ಆಗುತ್ತದೆ, ಯಾಕೆಂದರೆ ರ‍್ಯಾಮಿನಲ್ಲಿ ಹಿಡಿಸದ್ದನ್ನು ವಿಂಡೋಸ್ ಡಿಸ್ಕಿನ ಪೇಜ್ ಫೈಲಿಗೆ ಸಾಗಿಸಿ ಮತ್ತೆ ಎಳೆದು ತರುತ್ತಿರುತ್ತದೆ. ಎರಡನ್ನೂ ಬೇರ್ಪಡಿಸಲು ರಿಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ಪುಟದಲ್ಲಿ ಯಾವ ಫೈಲು ಓದಿಸಿಕೊಳ್ಳುತ್ತಿದೆ ಎಂದು ನೋಡಿ. ಪೇಜ್‌ಫೈಲ್ ಡಾಟ್ ಸಿಸ್ ಮೇಲೆ ಕೂತಿದ್ದರೆ, ಮೆಮೊರಿ ಪುಟದಲ್ಲಿ ಹಾರ್ಡ್ ಫಾಲ್ಟ್ (ಬೇಕಾದದ್ದನ್ನು ಡಿಸ್ಕಿನಿಂದ ತರಬೇಕಾದ ಸಂದರ್ಭ) ಸೆಕೆಂಡಿಗೆ ನೂರಾರು ಇದ್ದರೆ, ಕೊರತೆ ರ‍್ಯಾಮಿನದು. ಟಾಸ್ಕ್ ಮ್ಯಾನೇಜರಿನ ‘ಕಮಿಟೆಡ್’ (ಪ್ರೋಗ್ರಾಂಗಳು ಕೇಳಿ ಕಾಯ್ದಿರಿಸಿಕೊಂಡ ಮೆಮೊರಿ) ಅಂಕಿಯೂ ಅದನ್ನೇ ಹೇಳುತ್ತದೆ: 4 ಜಿಬಿ ಯಂತ್ರದಲ್ಲಿ ಅದು ಸದಾ 6ರ ಮೇಲೆ ಇದ್ದರೆ ಕೇಳಿದ್ದಷ್ಟಕ್ಕೂ ರ‍್ಯಾಮಿನಲ್ಲಿ ಜಾಗವಿಲ್ಲ ಎಂದರ್ಥ. ಪೇಜ್ ಫೈಲ್ ಸುಮ್ಮನಿದ್ದು, ಹತ್ತಾರು ಸಣ್ಣಪುಟ್ಟ ಫೈಲುಗಳು ಸಾಲುಗಟ್ಟಿ ನಿಂತಿದ್ದರೆ ಆಗ ಡಿಸ್ಕ್ ಕಡೆ ತಿರುಗಿ.

ಹಾರ್ಡ್ ಡಿಸ್ಕ್ ಯಾಕೆ ಇಷ್ಟು ಸುಲಭವಾಗಿ ಸೋಲುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ನಿಮಿಷಕ್ಕೆ 5400 ಸುತ್ತು ಎಂದರೆ ಒಂದು ಸುತ್ತಿಗೆ 11.1 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 5.6. ತಲೆ ಸರಿದು ಸರಿಯಾದ ಪಥಕ್ಕೆ ಬರಲು ಇನ್ನೊಂದು ಹನ್ನೆರಡು. ಒಟ್ಟು 17, 18 ಮಿಲಿಸೆಕೆಂಡ್. ಸೆಕೆಂಡಿಗೆ ಅಂಥ ಐವತ್ತು ಅರವತ್ತು ಓದು ಮಾತ್ರ ಸಾಧ್ಯ. ಒಂದೊಂದು ಓದಿಗೆ 4 ಕಿಲೋಬೈಟ್ ಸಿಕ್ಕರೆ ಸೆಕೆಂಡಿಗೆ ಕಾಲು ಎಂಬಿಯೂ ಆಗಲಿಲ್ಲ. ಸಿನಿಮಾ ಫೈಲನ್ನು ಅದೇ ಡಿಸ್ಕ್ 100 ಎಂಬಿ ವೇಗದಲ್ಲಿ ನಕಲು ಮಾಡುತ್ತದೆ, ಯಾಕೆಂದರೆ ಅದು ಒಂದೇ ಸಾಲಿನಲ್ಲಿರುತ್ತದೆ. ವಿಂಡೋಸ್ ಏಳುವಾಗ ಓದುವುದು ಚದುರಿದ ಸಾವಿರಾರು ತುಣುಕುಗಳನ್ನು. ಹಾಗಾಗಿ 0.5 ಎಂಬಿ ವೇಗಕ್ಕೇ 100 ಪರ್ಸೆಂಟ್ ಕಂಡರೆ ಡಿಸ್ಕ್ ಕೆಟ್ಟಿದೆ ಎಂದೇನಿಲ್ಲ, ಅದರ ಶಕ್ತಿಯೇ ಅಷ್ಟು. ಎಸ್‌ಎಸ್‌ಡಿಯಲ್ಲಿ ಮಾಹಿತಿ ಚಿಪ್‌ಗಳಲ್ಲೇ ಇರುವುದರಿಂದ ಸುತ್ತುವುದೂ ಇಲ್ಲ, ಸರಿಯುವುದೂ ಇಲ್ಲ. ಹಳೆಯ ಲ್ಯಾಪ್‌ಟಾಪಿಗೆ ಒಂದೇ ಒಂದು ಭಾಗ ಹಾಕಿಸಲು ಸಾಧ್ಯ ಎಂದರೆ ಯೋಚಿಸದೆ ಎಸ್‌ಎಸ್‌ಡಿ ಹಾಕಿ.

ಡಿಸ್ಕ್ ನಿಜಕ್ಕೂ ಸಾಯುತ್ತಿದ್ದರೆ ಅದರ ಲಕ್ಷಣವೇ ಬೇರೆ. ಟಾಸ್ಕ್ ಮ್ಯಾನೇಜರಿನಲ್ಲಿ ಸರಾಸರಿ ರೆಸ್ಪಾನ್ಸ್ ಟೈಮ್ ಹೆಚ್ಚು ಕೆಲಸವಿಲ್ಲದಾಗಲೂ 500, 1000 ಮಿಲಿಸೆಕೆಂಡಿಗೆ ಹಾರುತ್ತದೆ, ಇಡೀ ಯಂತ್ರ ನಿಂತು ಮತ್ತೆ ಹೊರಡುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ (ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ) ಮೂರು ಸಾಲು ನೋಡಿ: 05, ಸಿ5, ಸಿ6. ಇವು ಕೆಟ್ಟು ಬದಲಾಯಿಸಿದ ಸೆಕ್ಟರ್ (ಡಿಸ್ಕಿನ ಸಣ್ಣ ಖಾನೆ), ಓದಲಾಗದೆ ಕಾದಿರುವ ಸೆಕ್ಟರ್, ಸರಿಪಡಿಸಲಾಗದ ಸೆಕ್ಟರ್‌ಗಳ ಎಣಿಕೆ. ಅಂಕಿಗಳು ಹದಿನಾರರ ಪದ್ಧತಿಯಲ್ಲಿ ಕಾಣಿಸಬಹುದು, ಸೆಟ್ಟಿಂಗ್‌ನಲ್ಲಿ ಹತ್ತರ ಪದ್ಧತಿಗೆ ಬದಲಿಸಿಕೊಳ್ಳಿ. ಸಿ5 ಸೊನ್ನೆಗಿಂತ ಹೆಚ್ಚಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ, ಮೊದಲು ಫೋಟೊ, ಕಡತಗಳನ್ನು ಬೇರೆ ಡಿಸ್ಕಿಗೆ ತೆಗೆಯಿರಿ. ಡಿಫ್ರಾಗ್, ಚೆಕ್‌ಡಿಸ್ಕ್ ಎಂಬ ಡಿಸ್ಕ್ ದುರಸ್ತಿ ಕೆಲಸ ಯಾವುದೂ ಬೇಡ. ಸಾಯುವ ಡಿಸ್ಕಿಗೆ ಅವು ಕೊನೆಯ ಏಟು.

ಬಿಚ್ಚುವ ಮೊದಲು ಒಂದು ಎಚ್ಚರ. ವಿಂಡೋಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಅಥವಾ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ಚಾಲೂ ಇದೆಯೇ ನೋಡಿ, ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಏಳುವ ಬೋರ್ಡಿನ ಸೆಟ್ಟಿಂಗ್) ಏನನ್ನಾದರೂ ಬದಲಿಸಿದ ಮೇಲೆ ಅದು ಕೀ ಕೇಳಿತೆಂದರೆ, ಕೀ ಇಲ್ಲದೆ ಒಂದು ಫೈಲೂ ಸಿಗುವುದಿಲ್ಲ. ಆಮೇಲೆ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ತಳ ಬಿಚ್ಚಿ, ಬೇರೇನನ್ನೂ ಮುಟ್ಟುವ ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆದು, ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿಯಿರಿ. ತಳ ಏಳುತ್ತಿಲ್ಲವೆಂದರೆ ರಬ್ಬರ್ ಕಾಲುಗಳ ಕೆಳಗೆ, ಡಿವಿಡಿ ಡ್ರೈವಿನ ಜಾಗದಲ್ಲಿ ಇನ್ನೊಂದೆರಡು ಸ್ಕ್ರೂ ಅಡಗಿರುತ್ತವೆ. ಬಲ ಹಾಕಬೇಡಿ. ಸ್ಕ್ರೂಗಳು ಎರಡು ಮೂರು ಉದ್ದದವು. ಬಂದ ಜಾಗದ ಪ್ರಕಾರ ಕಾಗದದ ಮೇಲೆ ಜೋಡಿಸಿಡಿ. ಉದ್ದದ್ದನ್ನು ಗಿಡ್ಡದರ ಜಾಗದಲ್ಲಿ ತಿರುಗಿಸಿದರೆ ಅದು ಕೈ ಇಡುವ ಜಾಗವನ್ನು ಒಳಗಿಂದ ತೂತು ಮಾಡಿಕೊಂಡು ಬರುತ್ತದೆ.

ಇಂಥ ಯಂತ್ರಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸಾಕು. ಅದರ ದಪ್ಪ 7 ಮಿಲಿಮೀಟರ್. ಹಳೆಯ ಡಿಸ್ಕ್ 9.5 ಇದ್ದರೆ 2.5 ಮಿಲಿಮೀಟರಿನ ಪ್ಲಾಸ್ಟಿಕ್ ಚೌಕಟ್ಟು ಕೆಳಗೆ ಕೊಡಬೇಕು, ಇಲ್ಲದಿದ್ದರೆ ಅಲುಗಾಡಿ ಕನೆಕ್ಟರ್ ಸಡಿಲವಾಗುತ್ತದೆ. ಎಂ.2 (ಪಟ್ಟಿಯಾಕಾರದ ಎಸ್‌ಎಸ್‌ಡಿ ಕೂರುವ) ಜಾಗವಿರುವ ಯಂತ್ರದಲ್ಲಿ ಮೋಸಹೋಗುವುದು ಸುಲಭ: ಜಾಗ ಒಂದೇ ಥರ ಕಂಡರೂ ಕೆಲವು ಹಳೆಯ ಬಗೆಯ ಸಾಟಾ ಮಾತ್ರ ಓದುತ್ತವೆ, ಕೆಲವು ಅದಕ್ಕಿಂತ ವೇಗದ ಎನ್‌ವಿಎಂಇ ಮಾತ್ರ. ಮಾಡೆಲ್ ನಂಬರಿನ ಸರ್ವಿಸ್ ಮ್ಯಾನ್ಯುಅಲ್ ನೋಡದೆ ತರಬೇಡಿ.

ಎಸ್‌ಎಸ್‌ಡಿ ಹಾಕಿದ ಮೇಲೂ ಆಗಾಗ ಅರ್ಧ ನಿಮಿಷ ಗರಬಡಿದಂತೆ ನಿಲ್ಲುತ್ತಿದ್ದರೆ ಎಸ್‌ಎಸ್‌ಡಿಯನ್ನು ಬಯ್ಯುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋದ ಸಿ7 ಸಾಲು ನೋಡಿ. ಅದು ಸಾಗಣೆಯಲ್ಲಿ ಕೆಟ್ಟ ಮಾಹಿತಿಯ ಎಣಿಕೆ. ಇವತ್ತಿಗೂ ನಾಳೆಗೂ ಏರುತ್ತಿದ್ದರೆ ತಪ್ಪು ಡಿಸ್ಕನ್ನು ಬೋರ್ಡಿಗೆ ಸೇರಿಸುವ ತೆಳು ರಿಬ್ಬನ್ ಕೇಬಲ್ಲಿನದು. ಕಿತ್ತು ಮತ್ತೆ ಕೂರಿಸಿ, ಆಗಲೂ ಏರಿದರೆ ಕೇಬಲ್ ಬದಲಿಸಿ. ಹಳೆಯ ಎಣಿಕೆ ಅಳಿಯುವುದಿಲ್ಲ, ಹೊಸದಾಗಿ ಏರಬಾರದು ಅಷ್ಟೆ.

ರ‍್ಯಾಮ್ ವಿಷಯಕ್ಕೆ ಬಂದರೆ, 5005ಯು ಬಳಸುವುದು ಡಿಡಿಆರ್3ಎಲ್, 1.35 ವೋಲ್ಟಿನದು. ಹೆಸರಿನ ಕೊನೆಯ ‘ಎಲ್’ ಮುಖ್ಯ. 1.5 ವೋಲ್ಟಿನ ಬರೀ ಡಿಡಿಆರ್3 ಕೂಡ ಅದೇ 204 ಪಿನ್ ಆದ್ದರಿಂದ ಜಾಗದಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಯಂತ್ರ ಏಳುವುದಿಲ್ಲ ಅಥವಾ ಎದ್ದು ಮನಬಂದಂತೆ ನಿಲ್ಲುತ್ತದೆ. ಸುಮಾರು 30 ಡಿಗ್ರಿ ಓರೆಯಾಗಿ ಚಿನ್ನದ ಗೆರೆಗಳು ಒಳಗೆ ಮರೆಯಾಗುವವರೆಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿ. ಎರಡೂ ಬದಿಯ ಕ್ಲಿಪ್ ‘ಟಕ್’ ಎನ್ನಬೇಕು. 4 ಇದ್ದಲ್ಲಿಗೆ ಇನ್ನೊಂದು 4 ಸೇರಿಸಿದರೆ ಎರಡು ಚಾನೆಲ್ ಆಗಿ, ರ‍್ಯಾಮಿನಿಂದಲೇ ಉಣ್ಣುವ ಒಳಗಿನ ಗ್ರಾಫಿಕ್ಸೂ ಚುರುಕಾಗುತ್ತದೆ. ಹೊಸ ರ‍್ಯಾಮ್ ಹಾಕಿದ ರಾತ್ರಿ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಲು ಬಿಡಿ. ಒಂದೇ ಒಂದು ತಪ್ಪು ಕಂಡರೂ ಆ ರ‍್ಯಾಮ್ ವಾಪಸ್.

ಇನ್ನು ಬಿಸಿ. ಎಚ್‌ಡಬ್ಲ್ಯೂಇನ್ಫೋ ತೆರೆದಿಟ್ಟು, 15 ನಿಮಿಷ ಪೂರ್ತಿ ಹೊರೆ ಕೊಟ್ಟು ಉಷ್ಣತೆಯನ್ನೂ ವೇಗವನ್ನೂ ಜೊತೆಯಾಗಿ ನೋಡಿ. ಮೊದಲ ಮೂರು ನಿಮಿಷ 2.0 ಇದ್ದು, 95 ಡಿಗ್ರಿ ಮುಟ್ಟಿದ ಮೇಲೆ 1.4, 1.2 ಎಂದು ಇಳಿದರೆ ಕಾರಣ ಬಿಸಿಯೇ. ಫ್ಯಾನ್ ಬಿಚ್ಚಿದಾಗ ಬ್ಲೇಡುಗಳ ಮೇಲಿನ ಧೂಳಿಗೆ ಮೋಸಹೋಗಬೇಡಿ, ಅದು ಲೆಕ್ಕಕ್ಕಿಲ್ಲ. ಫ್ಯಾನಿಗೂ ತಾಮ್ರದ ರೆಕ್ಕೆಗಳ ಸಾಲಿಗೂ ನಡುವೆ, ಕಂಬಳಿ ತುಂಡಿನ ಹಾಗೆ ಒತ್ತಾಗಿ ಹೆಣೆದುಕೊಂಡ ಬೂದು ಪದರ ಇರುತ್ತದೆ. ಗಾಳಿ ನಿಲ್ಲುವುದು ಅಲ್ಲಿ. ಹೊರಗಿನಿಂದ ಊದಿದರೆ ಅದು ಕದಲುವುದಿಲ್ಲ, ಇಕ್ಕುಳದಲ್ಲಿ ಹಿಡಿದೆಳೆದರೆ ಇಡಿಯಾಗಿ ಎದ್ದು ಬರುತ್ತದೆ. ಗಾಳಿ ಊದುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಮಿತಿಮೀರಿ ತಿರುಗಿದರೆ ಬೇರಿಂಗ್ ಹೋಗುತ್ತದೆ.

ಹೀಟ್‌ಸಿಂಕ್ (ಪ್ರೊಸೆಸರಿನ ಬಿಸಿ ಹೀರುವ ಲೋಹದ ಭಾಗ) ತೆಗೆದರೆ ಹಸಿರು ತಟ್ಟೆಯ ಮೇಲೆ ಕನ್ನಡಿಯಂಥ ಎರಡು ಚೂರು ಕಾಣುತ್ತವೆ, ದೊಡ್ಡದು ಪ್ರೊಸೆಸರ್. ಬಿಸಿ ದಾಟಿಸುವ ಹಳೆಯ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಂತೆ ಆಗಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಲೋಹದಿಂದ ಕೆರೆಯಬೇಡಿ. ಹೊಸ ಪೇಸ್ಟ್ ಒಂದು ಅಕ್ಕಿಕಾಳಿನಷ್ಟು ಸಾಕು, ಚೂರಿನ ಮೂಲೆಗಳೂ ಮುಚ್ಚುವಂತೆ ತೆಳುವಾಗಿ ಹರಡಿ. ಹೀಟ್‌ಸಿಂಕ್ ಮೇಲೆ 1, 2, 3, 4 ಎಂದು ಅಚ್ಚೊತ್ತಿರುತ್ತದೆ. ಆ ಕ್ರಮದಲ್ಲೇ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಹೋಗಿ. ಒಂದನ್ನೇ ಪೂರ್ತಿ ಬಿಗಿದರೆ ಚೂರಿನ ಅಂಚು ಮುರಿಯಬಹುದು. ಬೇರೆ ಚಿಪ್‌ಗಳ ಮೇಲೆ ಮೆತ್ತನೆಯ ಪ್ಯಾಡ್ ಇದ್ದರೆ ಅಲ್ಲಿಗೆ ಪೇಸ್ಟ್ ಹಚ್ಚಬೇಡಿ, ನಡುವಿನ ಸಂದು ಪೇಸ್ಟಿನಿಂದ ತುಂಬುವಷ್ಟು ಕಿರಿದಲ್ಲ.

ಎಸ್‌ಎಸ್‌ಡಿ ಆಯಿತು, ರ‍್ಯಾಮ್ ಆಯಿತು, ಉಷ್ಣತೆ 50 ಡಿಗ್ರಿಯಲ್ಲೇ ಇದೆ, ಆದರೂ ಮೌಸ್ ಕೂಡ ಎಳೆದೆಳೆದು ಸಾಗುತ್ತಿದೆ ಎಂದರೆ ಸಿಪಿಯು ವೇಗ ನೋಡಿ. 0.4 ಅಥವಾ 0.8 ಗಿಗಾಹರ್ಟ್ಸಿಗೆ ಅಂಟಿಕೊಂಡು, ಏನು ಮಾಡಿದರೂ ಮೇಲೇಳದಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿ. ವೇಗ ಥಟ್ಟನೆ ಏರಿದರೆ ಕಳ್ಳ ಸಿಕ್ಕ ಹಾಗೆ. ಕೆಲವು ಕಂಪನಿಗಳ ಚಾರ್ಜರಿನ ತುದಿಯ ನಡುವೆ ಸೂಜಿಯಂಥ ಪಿನ್ ಇರುತ್ತದೆ. ತಾನು ಎಷ್ಟು ವಾಟಿನ ಚಾರ್ಜರ್ ಎಂದು ಬೋರ್ಡಿಗೆ ತಿಳಿಸುವುದು ಅದರ ಕೆಲಸ. ಪಿನ್ ಬಾಗಿದರೆ, ಒಳಗಿನ ತಂತಿ ತುಂಡಾದರೆ, ಅಥವಾ 65 ವಾಟ್ ಬೇಕಾದಲ್ಲಿ 45 ವಾಟಿನದು ಚುಚ್ಚಿದರೆ, ಬೋರ್ಡು ಸುರಕ್ಷತೆಗೆಂದು ಪ್ರೊಸೆಸರಿನ ಕುತ್ತಿಗೆ ಹಿಡಿಯುತ್ತದೆ. ಬಯಾಸ್‌ನಲ್ಲಿ ಅಡಾಪ್ಟರ್ ಎದುರು ‘ಅನ್‌ನೋನ್’ ಎಂದಿರುವುದು ಇದೇ ಕಾರಣಕ್ಕೆ. ಈ ತಡೆಯನ್ನು ಸಾಫ್ಟ್‌ವೇರಿನಿಂದ ತೆಗೆಯುವ ದಾರಿಗಳಿವೆ, ನಾನು ಒಪ್ಪುವುದಿಲ್ಲ. ವೇಗ ಇಳಿಸಲು ಬೋರ್ಡು ಕಳಿಸುವ ಅದೇ ಸಂಕೇತ ನಿಜವಾದ ಬಿಸಿಗೂ ಬಳಕೆಯಾಗುತ್ತದೆ. ಸರಿಯಾದ ವಾಟಿನ ಚಾರ್ಜರ್ ತನ್ನಿ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಯಂತ್ರ ಬಳಸುವುದನ್ನೇ ನಿಲ್ಲಿಸಿ. ಉಬ್ಬಿದ್ದನ್ನು ಚುಚ್ಚುವುದು, ಒತ್ತುವುದು ಬೆಂಕಿಗೆ ದಾರಿ.

ಸಾಫ್ಟ್‌ವೇರಿನ ಬಗ್ಗೆ ಹೇಳುವುದು ಕಡಿಮೆ. ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ, ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನು ಆಫ್ ಮಾಡಿ, ‘ಪಿಸಿ ಕ್ಲೀನರ್’ ಎಂಬ ಹೆಸರಿನದು ಏನಿದ್ದರೂ ಕಿತ್ತುಹಾಕಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 5ನೇ ತಲೆಮಾರಿನ ಇಂಟೆಲ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಆದ್ದರಿಂದ ಈ ಯಂತ್ರಕ್ಕೆ ನಾನು ಹಾಕಿದ್ದು ಉಚಿತ, ಹಗುರ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ.

ರಿಪೇರಿಗೆ ಬಗ್ಗದ ಯಂತ್ರಗಳೂ ಇವೆ. ಸೆಲೆರಾನ್ ಎನ್4020, ಬೋರ್ಡಿಗೇ ಬೆಸೆದ 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಬೋರ್ಡಿಗೇ ಬೆಸೆದ ಸಂಗ್ರಹ ಚಿಪ್) ಇರುವಂಥವು. ತಳ ಬಿಚ್ಚಿದರೆ ಬದಲಿಸಲು ಏನೂ ಇಲ್ಲ. ಅಲ್ಲಿ ಗೆಲ್ಲಬಹುದಾದದ್ದು ವೀಡಿಯೊದಲ್ಲಿ. ಯೂಟ್ಯೂಬ್ ವೀಡಿಯೊ ಮೇಲೆ ಬಲ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆದರೆ ಕೋಡೆಕ್ (ವೀಡಿಯೊ ಕುಗ್ಗಿಸಿದ ಬಗೆ) ಸಾಲು ಕಾಣುತ್ತದೆ. ಎವಿ01 ಎಂದಿದ್ದರೆ, ಈ ಪ್ರೊಸೆಸರಿನ ಗ್ರಾಫಿಕ್ಸಿಗೆ ಆ ಭಾಷೆಯೇ ಗೊತ್ತಿಲ್ಲದ್ದರಿಂದ ಎರಡು ಕೋರ್‌ಗಳೇ ಇಡೀ ಹೊರೆ ಹೊರುತ್ತಿವೆ. ಎಚ್264ಇಫೈ ಥರದ, ಗ್ರಾಫಿಕ್ಸಿಗೆ ಗೊತ್ತಿರುವ ಹಳೆಯ ಎಚ್.264 ಕೋಡೆಕ್ಕನ್ನೇ ಯೂಟ್ಯೂಬಿನಿಂದ ತರಿಸುವ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿ ಪುಟ ಮತ್ತೆ ತೆರೆದಾಗ ಅದೇ ಸಾಲಿನಲ್ಲಿ ಎವಿಸಿ1 (ಎಚ್.264ರ ಗುರುತು) ಬರುತ್ತದೆ, ಓಡುತ್ತಿದ್ದ ‘ಡ್ರಾಪ್ಡ್ ಫ್ರೇಮ್ಸ್’ ಎಣಿಕೆ ನಿಲ್ಲುತ್ತದೆ.