ಕರಿ ಹಿಡಿಗೆ ಅಳಲೆಕಾಯಿ: ಸ್ಕೀಅನ್ ದೂ ಮಾಡಿದ ನನ್ನ ಅನುಭವ

ಸ್ಕಾಟ್ಲೆಂಡಿನ ಹಳೆಯ ಭಾಷೆಯಾದ ಗೇಲಿಕ್‌ನಲ್ಲಿ ಸ್ಕೀಅನ್ ಅಂದರೆ ಚಾಕು, ದೂ ಅಂದರೆ ಕರಿ. ಕಿಲ್ಟ್, ಅಂದರೆ ಅಲ್ಲಿಯ ಗಂಡಸರ ನೆರಿಗೆ ಲಂಗ, ಉಟ್ಟವರು ಕಾಲುಚೀಲದಲ್ಲಿ ಸಿಕ್ಕಿಸಿಕೊಳ್ಳುವ ಸಣ್ಣ ಚಾಕು ಇದು; ಚೀಲದ ಅಂಚಿನಿಂದ ಹೊರಗೆ ಕಾಣುವುದು ಹಿಡಿಯ ಮೇಲ್ಭಾಗ ಅಷ್ಟೇ. ಅಲಗು ಎಷ್ಟೇ ಚೆನ್ನಾಗಿರಲಿ, ಹಿಡಿ ಬೂದುಬೂದಾಗಿದ್ದರೆ ಸ್ಕಾಟ್ಲೆಂಡಿನಲ್ಲಿ ಅದನ್ನು ಯಾರೂ ಕೈಗೆತ್ತಿಕೊಳ್ಳುವುದಿಲ್ಲ.

ರೂಢಿಯ ಮರ ಎಂದರೆ ಎಬನಿ ಎಂಬ ಕರಿಮರ, ಇಲ್ಲವೇ ಬಾಗ್ ಓಕ್, ಅಂದರೆ ಪೀಟ್ ಎಂಬ ಕೊಳೆತ ಸಸ್ಯಗಳ ಕೆಸರಿನಲ್ಲಿ ಸಾವಿರಾರು ವರ್ಷ ಹೂತು ಕಪ್ಪಾದ ಓಕ್. ಹಿಡಿಗೆ ಸಾಲುವಷ್ಟು ಬಾಗ್ ಓಕ್ ತುಂಡಿಗೆ ಹದಿನೈದು ಇಪ್ಪತ್ತು ಪೌಂಡ್. ನಾನು ಕೊಂಡ ಮೂರರಲ್ಲಿ ಎರಡು ಕೊರೆಯುವಾಗಲೇ ಸೀಳಿದವು. ಒಳಗೆ ಪೂರ್ತಿ ಒಣಗಿರಲಿಲ್ಲ. ಆಮೇಲೆ ಹಿಡಿದದ್ದು ಮಾಮೂಲಿ ಓಕ್, ಅಳಲೆಕಾಯಿ ಪುಡಿ ಮತ್ತು ಕಬ್ಬಿಣದ ನೀರಿನ ದಾರಿ. ನಮ್ಮಲ್ಲಿ ಹಿಂದೆ ಅಳಲೆಕಾಯಿಗೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ರಸಾಯನ. ಬಣ್ಣ ಬರೀ ಮೇಲಷ್ಟೇ ಕೂರುತ್ತದೆ, ವರ್ಷದಲ್ಲಿ ಕಂದಾಗುತ್ತದೆ ಎಂದರು ಇಲ್ಲಿಯ ಚಾಕು ಮಾಡುವವರು. ಮೊದಲ ಮಾತು ನಿಜ. ಎರಡನೆಯದು ತಪ್ಪು, ಆದರೆ ಅದು ತಪ್ಪು ಎಂದು ತೋರಿಸಲು ಏಳೆಂಟು ಹಿಡಿ ಹಾಳಾದವು.

ಅಲಗಿನ ಬಗ್ಗೆ ಚುಟುಕಾಗಿ ಮುಗಿಸುತ್ತೇನೆ. ಓ-1 ಗೇಜ್ ಪ್ಲೇಟ್ (ಎಣ್ಣೆಯಲ್ಲಿ ತಣಿಸಿ ಗಟ್ಟಿ ಮಾಡುವ ಉಕ್ಕಿನ ಪಟ್ಟಿ), 3 ಮಿ.ಮೀ. ದಪ್ಪ, ಅರ್ಧ ಮೀಟರ್ ಪಟ್ಟಿಗೆ ಹದಿನೈದು ಪೌಂಡ್ ಆಸುಪಾಸು. ಮೂರು ಅಲಗು ಸಲೀಸಾಗಿ ಬರುತ್ತವೆ. ಅಲಗು ಮೂರೂವರೆ ಇಂಚು, ಹಿಡಿಯೊಳಗೆ ಹೋಗುವ ಬಾಲ ಎರಡೂವರೆ. ಬೆನ್ನಿನ ಮೇಲಿನ ಕಚ್ಚುಗಳನ್ನು ದುಂಡರದಲ್ಲಿ ಬೆಂಕಿಗೆ ಮುಂಚೆಯೇ ತೆಗೆಯಬೇಕು. ಬಾಯಿಯನ್ನು ಆಗಲೇ ತೆಳುವಾಗಿ ತಿಕ್ಕಬೇಡಿ, ಒಂದು ಮಿಲಿಮೀಟರಿಗೆ ತುಸು ಕಡಿಮೆ ಇರಲಿ. ಹಾಗೆ ತಿಕ್ಕಿದ ನನ್ನ ಮೊದಲೆರಡು ಅಲಗು ಎಣ್ಣೆಗೆ ಬಿದ್ದ ತಕ್ಷಣ ಹಪ್ಪಳದ ಹಾಗೆ ಅಲೆಯೆದ್ದವು. ಅಲಗನ್ನು ಗಟ್ಟಿ ಮಾಡಲು, ಅಯಸ್ಕಾಂತ ಹಿಡಿಯದಾದ ಮೇಲೂ ಇನ್ನಷ್ಟು ಕಾಯಿಸಿ, 800 ಡಿಗ್ರಿ ಸುಮಾರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ, ಬೆಚ್ಚಗಿನ ಎಣ್ಣೆಗೆ ನೆಟ್ಟಗೆ ಇಳಿಸಬೇಕು. ನೀರಿಗೆ ಹಾಕಿದರೆ ಓ-1 ಬಿರುಕು ಬಿಡುತ್ತದೆ. ಆಮೇಲೆ ಒಲೆಯಲ್ಲಿ 200 ಡಿಗ್ರಿಗೆ ಎರಡೆರಡು ಗಂಟೆ, ಎರಡು ಸಲ.

ಇನ್ನು ಹಿಡಿ. ಉದ್ದ 9 ಸೆಂ.ಮೀ., ಅಲಗಿನ ಕಡೆ ಸಣ್ಣ, ತುದಿಗೆ ಹೋದಂತೆ ಅಗಲ. ಬುಟ್ಟಿ ಹೆಣಿಗೆಯ ಕೆತ್ತನೆಗೆ ಕಾಗದದ ಪಟ್ಟಿಯನ್ನು ಓರೆಯಾಗಿ ಸುತ್ತಿ ಗೆರೆ ಹಾಕಿಕೊಳ್ಳುತ್ತೇನೆ. ಪಟ್ಟಿ 4 ಮಿ.ಮೀ., ಆಳ ಒಂದು ಮಿ.ಮೀ. ಒಂದು ಎಳೆ ಇನ್ನೊಂದರ ಕೆಳಗೆ ನುಸುಳುವ ಕಡೆ ಮೊದಲು ಚಾಕುವಿನಿಂದ ಅಡ್ಡ ಕಚ್ಚು ಹಾಕಿ, ಆಮೇಲೆ 3 ಮಿ.ಮೀ. ಉಳಿಯಲ್ಲಿ ಇಳಿಜಾರು ತೆಗೆಯಬೇಕು. ಕಚ್ಚು ಹಾಕದೆ ಉಳಿ ನೂಕಿದರೆ ಓಕ್ ಎಳೆಗುಂಟ ಸಿಗಿದು ಪಕ್ಕದ ಪಟ್ಟಿಯೂ ಹಾರುತ್ತದೆ.

ಕೆತ್ತನೆ ಪೂರ್ತಿ ಮುಗಿದ ಮೇಲೆಯೇ ಕಪ್ಪು. ಮೊದಲು ಕಪ್ಪು ಮಾಡಿ ಆಮೇಲೆ ಕೆತ್ತಿದ ನನ್ನ ಹಿಡಿಯಲ್ಲಿ ಉಳಿ ಹೋದಲ್ಲೆಲ್ಲ ಬಿಳಿ ಗೆರೆ. ಕಪ್ಪು ಇಳಿಯುವುದು ಅರ್ಧ ಮಿಲಿಮೀಟರೂ ಇಲ್ಲ. ಮರವನ್ನು ಒದ್ದೆ ಮಾಡಿ ಎದ್ದ ನಾರನ್ನು ಸಣ್ಣ ಸ್ಯಾಂಡ್ ಪೇಪರಿನಲ್ಲಿ ತೆಗೆಯುವುದನ್ನೂ ಮೊದಲೇ ಮುಗಿಸಿ.

ಕಬ್ಬಿಣದ ನೀರಿಗೆ ಸ್ಟೀಲ್ ವುಲ್‌ನ ಎಣ್ಣೆ ಜಿಡ್ಡನ್ನು ಸೋಪಿನಲ್ಲಿ ತೊಳೆದು, ಅರ್ಧ ಲೀಟರ್ ಬಿಳಿ ವಿನಿಗರ್‌ನಲ್ಲಿ ಒಂದು ವಾರ ಬಿಡುತ್ತೇನೆ. ಮುಚ್ಚಳ ಸಡಿಲ ಇರಲಿ, ಗ್ಯಾಸ್ ಬರುತ್ತದೆ. ಅನ್ನಭೇದಿಯನ್ನೂ ನೋಡಿದೆ: ಕಪ್ಪು ಬೇಗ ಬಂತು, ಆದರೆ ಮರದಲ್ಲಿ ಆಮ್ಲ ಉಳಿದು ತಿಂಗಳೊಳಗೆ ಅಲಗಿನ ಬುಡಕ್ಕೆ ತುಕ್ಕು ಹತ್ತಿತು. ಹಳೆಯ ಮಸಿ ಕಾಗದವನ್ನು ತಿನ್ನುವುದೂ ಇದೇ ಕಾರಣಕ್ಕೆ.

ಅಳಲೆಕಾಯಿ ಪುಡಿ ಎರಡು ದೊಡ್ಡ ಚಮಚ, ಒಂದು ಲೋಟ ಬಿಸಿನೀರು, ರಾತ್ರಿಯಿಡೀ ನೆನೆಸಿ ಬಟ್ಟೆಯಲ್ಲಿ ಸೋಸಿ. ಓಕ್‌ನಲ್ಲೇ ಟ್ಯಾನಿನ್ (ಕಬ್ಬಿಣ ಸೇರಿದರೆ ಕಪ್ಪಾಗುವ ಒಗರು ಪದಾರ್ಥ) ಇದೆಯಲ್ಲ ಎಂದು ಇದನ್ನು ಬಿಟ್ಟರೆ ಕಪ್ಪು ತೇಪೆತೇಪೆ. ಅಳಲೆ ನೀರು ಹಚ್ಚಿ, ಒಣಗಿಸಿ, ಕಬ್ಬಿಣದ ನೀರು ತೆಳ್ಳಗೆ ಹಚ್ಚಿದರೆ ಕಣ್ಣೆದುರೇ ನೀಲಿಗಪ್ಪಾಗುತ್ತದೆ. ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ, ಕಂದಾಗುವುದೂ ಇಲ್ಲಿಂದಲೇ: ಹೆಚ್ಚಾಗಿ ಉಳಿದ ಕಬ್ಬಿಣ ಗಾಳಿಗೆ ತುಕ್ಕಾಗುತ್ತದೆ. ಮತ್ತೊಮ್ಮೆ ಅಳಲೆ ನೀರು ಕೊಟ್ಟರೆ ಆ ಕಬ್ಬಿಣವೂ ಕಪ್ಪಿಗೇ ಸೇರುತ್ತದೆ. ಅಳಲೆ, ಕಬ್ಬಿಣ, ಅಳಲೆ: ಹೀಗೆ ಎರಡು ಸುತ್ತು. ಕೊನೆಗೆ ಅಡುಗೆ ಸೋಡಾದ ತೆಳು ನೀರಿನಲ್ಲಿ ಒರೆಸಿ, ಎರಡು ದಿನ ನೆರಳಲ್ಲಿ ಒಣಗಿಸಿ, ಅಗಸೆ ಎಣ್ಣೆ. ಎಣ್ಣೆ ಬೀಳುವವರೆಗೆ ಮಸಿಬಟ್ಟೆಯ ಹಾಗೆ ಮಂಕಾಗಿ ಕಾಣುತ್ತದೆ, ಹೆದರಬೇಡಿ. ಎಣ್ಣೆಗೆ ನಾನು ಇನ್ನೊಂದು ವಸ್ತು ಬೆರೆಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಹೀಗೆ ಮಾಡಿದ ಮೊದಲ ಹಿಡಿಗೆ ಈಗ ಎರಡು ವರ್ಷ ದಾಟಿದೆ. ಅದನ್ನು ಎಬನಿ ಎಂದುಕೊಂಡವರಲ್ಲಿ ಅಂದು ಅನುಮಾನಪಟ್ಟ ಒಬ್ಬರೂ ಇದ್ದರು!

ಸಿಕಮೋರ್ ಮರದ ಮೇಲೂ ಪ್ರಯತ್ನಿಸಿದೆ. ಟ್ಯಾನಿನ್ ಕಡಿಮೆ, ಎಷ್ಟು ಅಳಲೆ ಕುಡಿಸಿದರೂ ಇದ್ದಿಲಿನ ಬೂದು. ವಾಲ್ನಟ್ ಚೆನ್ನಾಗಿ ಬಂತು, ಆದರೆ ಕಂದು ಛಾಯೆ ಉಳಿಯಿತು. ಕಪ್ಪು ಚಹಾ ಡಿಕಾಕ್ಷನ್ ಅಳಲೆಕಾಯಿಯ ಅರ್ಧದಷ್ಟೂ ಇಲ್ಲ.

ಬಾಲದ ರಂಧ್ರಕ್ಕೆ ಕಬ್ಬಿಣದ ನೀರು ಇಳಿಯದಂತೆ ಮೇಣದ ಬಿರಡೆ ಹಾಕಿಟ್ಟು, ಅಲಗನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸುವುದು ಕಪ್ಪೆಲ್ಲ ಮುಗಿದ ಮೇಲೆ. ಮೊದಲೇ ಕೂರಿಸಿದರೆ ಎಪಾಕ್ಸಿ ತಾಗಿದ ಜಾಗಕ್ಕೆ ಬಣ್ಣ ಹತ್ತುವುದೇ ಇಲ್ಲ. ತುದಿಯ ಕೇರ್ನ್‌ಗಾರ್ಮ್ ಹರಳು (ಹೊಗೆ ಬಣ್ಣದ ಸ್ಫಟಿಕ), ಹೆಣಿಗೆ ಕೂಡುವಲ್ಲಿ ಬಡಿಯುವ ಹಿತ್ತಾಳೆ ಮೊಳೆಗಳು ಎಲ್ಲಕ್ಕಿಂತ ಕೊನೆಗೆ. ಮೊಳೆಗಿಂತ ಕೂದಲೆಳೆಯಷ್ಟು ಸಣ್ಣ ತೂತು ಕೊರೆದೇ ಬಡಿಯಿರಿ, ಓಕ್ ಕ್ಷಮಿಸುವುದಿಲ್ಲ.