ಆಲೂಗಡ್ಡೆ ತಳಿ ಆರಿಸುವುದು ಹೇಗೆ? ಇಳುವರಿ ತೂಗಿ, ನೈಟ್ರೇಟನ್ನೂ ಅಳೆಯಿರಿ

ತಳಿ ಆರಿಸುವಾಗ ಎಲ್ಲರ ಕಣ್ಣೂ ಇಳುವರಿಯ ಮೇಲೆ. ಆದರೆ ಒಂದೇ ಮಣ್ಣು, ಒಂದೇ ಗೊಬ್ಬರವಿದ್ದರೂ ಗೆಡ್ಡೆಯಲ್ಲಿ ಉಳಿಯುವ ನೈಟ್ರೇಟ್ ತಳಿಯಿಂದ ತಳಿಗೆ ಬೇರೆ. ನೈಟ್ರೇಟ್ ಎಂದರೆ ಗಿಡ ಮಣ್ಣಿನಿಂದ ಹೀರುವ ಸಾರಜನಕದ ಒಂದು ರೂಪ; ಊಟದಲ್ಲಿ ಅತಿಯಾದರೆ ಒಳ್ಳೆಯದಲ್ಲ. ಎರಡನ್ನೂ ಹೋಲಿಸಲು ಸಣ್ಣ ಜಾಗ ಸಾಕು.

ಮೊದಲು ಜಾಗವನ್ನು ನಾಲ್ಕು ಭಾಗ ಮಾಡಿ. ಪ್ರತಿ ಭಾಗದಲ್ಲೂ ಪ್ರತಿ ತಳಿಗೆ ಒಂದು ಮಡಿ ಕೊಡಿ. ಯಾವುದು ಎಲ್ಲಿ ಎಂಬುದನ್ನು ಚೀಟಿ ಎತ್ತಿಯೇ ನಿರ್ಧರಿಸಿ. ಫಲವತ್ತಾದ ಮೂಲೆಯ ಲಾಭ ಒಂದೇ ತಳಿಗೆ ಹೋಗಬಾರದು, ಅಲ್ವಾ? ಬಿತ್ತನೆ ಗೆಡ್ಡೆಯ ಗಾತ್ರ, ಸಾಲಿನ ಅಂತರ, ನೀರು ಎಲ್ಲಕ್ಕೂ ಒಂದೇ ಇರಲಿ.

ಸಾರಜನಕವನ್ನು ನಾಟಿಯ ಹೊತ್ತಿಗೆ ಮತ್ತು ಮಣ್ಣೇರಿಸುವಾಗ ಕೊಟ್ಟು ಮುಗಿಸಿ. ಆಮೇಲೆ ಯೂರಿಯಾ ಸುರಿದರೆ ಸೊಪ್ಪು ಸೊಂಪಾಗುತ್ತದೆ, ಗೆಡ್ಡೆ ಬಲಿಯುವುದು ತಡವಾಗುತ್ತದೆ, ನೈಟ್ರೇಟ್ ಏರುತ್ತದೆ.

ಹೆಚ್ಚಿನವರು ಎಡವುವುದು ಕೀಳುವಾಗ. ಎಲ್ಲ ತಳಿಗಳನ್ನೂ ಒಂದೇ ದಿನ ಕಿತ್ತರೆ ಹೋಲಿಕೆ ಕೆಡುತ್ತದೆ. ಎಳೆ ಗೆಡ್ಡೆಯಲ್ಲಿ ನೈಟ್ರೇಟ್ ಸಾಮಾನ್ಯವಾಗಿ ಜಾಸ್ತಿ. ತಡವಾಗಿ ಬಲಿಯುವ ತಳಿಯನ್ನು ಬೇಗ ಕಿತ್ತು, ಅದರದ್ದೇ ದೋಷ ಎಂದರೆ ಅನ್ಯಾಯ. ಆಯಾ ತಳಿಯ ಸೊಪ್ಪು ಒಣಗಿ, ಸಿಪ್ಪೆ ಗಟ್ಟಿಯಾದ ಮೇಲೆಯೇ ಕೀಳಿ.

ಅಂಚಿನ ಸಾಲು ಬಿಟ್ಟು ಒಳಗಿನದನ್ನಷ್ಟೇ ತೂಗಿ. 6 ಚದರ ಮೀಟರಿಗೆ 15 ಕಿಲೋ ಬಂದರೆ ಹೆಕ್ಟೇರಿಗೆ 25 ಟನ್ ಲೆಕ್ಕ.

ಈಗ ನೈಟ್ರೇಟ್. ಪ್ರತಿ ಮಡಿಯಿಂದ ಹತ್ತು ಗೆಡ್ಡೆ ತೆಗೆದು ತೊಳೆದು ಒರೆಸಿ. ಪ್ರತಿಯೊಂದನ್ನೂ ಉದ್ದಕ್ಕೆ ಸೀಳಿ, ಒಂದೊಂದು ಹೋಳನ್ನು ಪೂರ್ತಿ ತುರಿದು ಬೆರೆಸಿ. ಸಿಪ್ಪೆಯ ಹತ್ತಿರ ಮತ್ತು ಒಳತಿರುಳಿನಲ್ಲಿ ಪ್ರಮಾಣ ಬೇರೆ ಇರುವುದರಿಂದ ಒಂದು ತುಂಡು ನಂಬಬೇಡಿ. 20 ಗ್ರಾಂ ತುರಿಗೆ 80 ಮಿಲಿಲೀಟರ್ ಡಿಸ್ಟಿಲ್ಡ್ ನೀರು ಹಾಕಿ ರುಬ್ಬಿ, ಸೋಸಿ, ನೈಟ್ರೇಟ್ ಅಳೆಯುವ ಪರೀಕ್ಷಾ ಪಟ್ಟಿ ಅದ್ದಿ. ಬಂದ ಅಂಕಿಯನ್ನು 5ರಿಂದ ಗುಣಿಸಿ. ಪಟ್ಟಿ ಲೀಟರಿಗೆ 25 ಮಿಲಿಗ್ರಾಂ ತೋರಿಸಿದರೆ ಆಲೂಗಡ್ಡೆಯಲ್ಲಿ ಕಿಲೋಗೆ ಸುಮಾರು 125 ಮಿಲಿಗ್ರಾಂ. ಪಟ್ಟಿ ತೋರಿಸುವುದು ನೈಟ್ರೇಟ್ ರೂಪದ ಸಾರಜನಕವಾದರೆ ಮತ್ತೆ 4.43ರಿಂದ ಗುಣಿಸಬೇಕು. ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದದೆ ಹಾಳಾದ ಲೆಕ್ಕಗಳು ಕಡಿಮೆಯಲ್ಲ.

ಸುಮ್ನೆ ಹೆದರುವುದು ಬೇಡ. ದಿನಕ್ಕೆ ದೇಹತೂಕದ ಕಿಲೋಗೆ 3.7 ಮಿಲಿಗ್ರಾಂವರೆಗಿನ ನೈಟ್ರೇಟ್ ಸುರಕ್ಷಿತ ಮಿತಿಯೊಳಗಿದೆ. 60 ಕಿಲೋ ತೂಗುವವರಿಗೆ ಅದು 222 ಮಿಲಿಗ್ರಾಂ. ಮೇಲಿನ ಆಲೂಗಡ್ಡೆ ಕಾಲು ಕಿಲೋ ತಿಂದರೂ ಸಿಗುವುದು ಸುಮಾರು 31. ಪಾಲಕ್‌ನಂಥ ಸೊಪ್ಪಿನಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಇರುತ್ತದೆ. ಸಿಪ್ಪೆ ತೆಗೆದು ಬೇಯಿಸಿ ನೀರು ಚೆಲ್ಲಿದರೆ ಇನ್ನೂ ಇಳಿಯುತ್ತದೆ.

ಇಷ್ಟಾದರೂ ಒಂದೇ ಹಂಗಾಮಿನ ಲೆಕ್ಕ ನೋಡಿ ತಳಿ ಕೈಬಿಡಬೇಡಿ. ಗಿಡ ನೈಟ್ರೇಟನ್ನು ಪ್ರೋಟೀನಾಗಿ ಬದಲಿಸಲು ಬೆಳಕು ಬೇಕು. ಮೋಡ ಕವಿದ ವರ್ಷ ಒಳ್ಳೆಯ ತಳಿಯೂ ಕೆಟ್ಟ ಅಂಕಿ ಕೊಡಬಹುದು. ಮುಂದಿನ ಹಂಗಾಮಿನಲ್ಲೂ ಇದೇ ತಳಿಗಳ ಲೆಕ್ಕ ಬರೆದಿಡಿ, ಆದರೆ ಬೇರೆ ಜಾಗದಲ್ಲಿ ನೆಡಿ.